ಕ್ವೇಕರರ ಸಾಕ್ಷ್ಯಪರಂಪರೆ ಮತ್ತು ಬೆಳಗಾವಿಯ ಅಫೀಮು ನಿರ್ಣಯ

ಕ್ರಿ.ಶ. ೧೯೨೪ರ ಡಿಸೆಂಬರ್ ೨೬ ಮತ್ತು ೨೭ರಂದು ಬೆಳಗಾವಿಯ ಟಿಳಕವಾಡಿಯಲ್ಲಿ ನಡೆದ ಕಾಂಗ್ರೆಸ್ ಮಹಾಧಿವೇಶನವು ಕನ್ನಡಿಗರ ನೆನಪಿನಲ್ಲಿ ಅಳಿಯದೆ ನಿಂತಿರುವ ಘಟನೆ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ವಿಜಯನಗರವೆಂದು ಹೆಸರಾಂತ ಆ ತಾತ್ಕಾಲಿಕ ನಗರ, ನೀರಿಗಾಗಿ ತೋಡಿಸಿದ ಪಂಪಾಸರೋವರವೆಂಬ ಬಾವಿ, ಗಂಗಾಧರರಾವ್ ದೇಶಪಾಂಡೆಯವರ ದಕ್ಷತೆ, ಡಾ. ನಾ. ಸು. ಹರ್ಡೀಕರರ ಸ್ವಯಂಸೇವಕ ದಳ, ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಕರ್ನಾಟಕ ಏಕೀಕರಣ ಪರಿಷತ್ತು, ಇವೆಲ್ಲವನ್ನೂ ಕುರಿತು ನಮ್ಮವರು ಮನದಣಿಯೆ ಬರೆದಿದ್ದಾರೆ.

ಆ ಅಧಿವೇಶನವು ಅಂಗೀಕರಿಸಿದ ನಿರ್ಣಯಗಳಲ್ಲಿ ಮದ್ಯ ಹಾಗೂ ಅಫೀಮುಗಳನ್ನು ಕುರಿತದ್ದೊಂದಿದೆ. ಪ್ರಜೆಗಳ ಚಟವನ್ನು ಸರಕಾರವು ತನ್ನ ಬೊಕ್ಕಸದ ಹುಟ್ಟುವಳಿಯನ್ನಾಗಿ ಮಾಡಿಕೊಂಡಿರುವುದು ನೀತಿಗೆ ಹೊರತೆಂದೂ, ಅಫೀಮಿನ ವ್ಯವಹಾರದಿಂದ ಭಾರತಕ್ಕಷ್ಟೇ ಅಲ್ಲ, ಲೋಕಕ್ಕೇ ಕೇಡೆಂದೂ, ಈ ದೇಶದಲ್ಲಿ ಅಫೀಮಿನ ಬೆಳೆಯನ್ನು ವೈದ್ಯಕ್ಕೂ ವಿಜ್ಞಾನಕ್ಕೂ ಎಷ್ಟು ಬೇಕೋ ಅಷ್ಟಕ್ಕೆ ಮಿತಗೊಳಿಸಬೇಕೆಂದೂ ಅದರ ಸಾರ. ಖಾದಿ, ಹಿಂದೂ ಮುಸಲ್ಮಾನರ ಐಕ್ಯ, ಅಸ್ಪೃಶ್ಯತಾ ನಿವಾರಣೆಗಳ ಮಾತಿನ ಭರದಲ್ಲಿ ಈ ನಿರ್ಣಯ ಮರೆಗೆ ಸರಿದಿದೆ. ಸರಿದದ್ದು ಆಶ್ಚರ್ಯವೂ ಅಲ್ಲ. ನಮ್ಮದು ಜೋಳ, ಕಬ್ಬು, ತಂಬಾಕುಗಳ ಸೀಮೆ. ಖಾನಾಪುರದ ಕಡೆ ಹೋದರೆ ಬತ್ತ ಮತ್ತು ಕಾಡು. ಅಫೀಮಿಗಾಗಿ ಬೆಳೆಯುವ ಗಸಗಸೆಯ ಹೊಲವನ್ನು ನಮ್ಮ ರೈತರು ಕಂಡವರಲ್ಲ. ಹೀಗಿರುವಾಗ ಲೋಕದ ಕೇಡಿನ ಈ ಮಾತು ಟಿಳಕವಾಡಿಯ ಮಂಟಪದವರೆಗೆ ನಡೆದುಬಂದ ದಾರಿ ಯಾವುದು?

ದಾರಿಗಳು ಹಲವು. ಚೀನದ ದೇಶಭಕ್ತರು, ಅಮೆರಿಕದ ಪಾದ್ರಿಗಳು, ದಾದಾಭಾಯಿ ನವರೋಜಿಯವರು, ದೀನಬಂಧು ಆಂಡ್ರೂಸರು ಎಲ್ಲರೂ ಆ ದಾರಿಯ ಪಯಣಿಗರೇ. ಅವುಗಳಲ್ಲಿ ಹಳೆಯದೂ ಕಡಮೆ ಸದ್ದಿನದೂ ಆದ ಒಂದು ದಾರಿಯು ಇಂಗ್ಲೆಂಡಿನ ಕ್ವೇಕರರೆಂಬ ಸಣ್ಣ ಬಳಗದ ಸಭಾಮಂದಿರಗಳಿಂದ ಹೊರಟದ್ದು. ಪ್ರಕೃತ ಲೇಖನದಲ್ಲಿ ಅದೊಂದನ್ನೇ ಹಿಂಬಾಲಿಸಲಾಗಿದೆ.

ಕ್ವೇಕರ್ ಎಂದರೆ ನಡುಗುವವನು. ಅದು ಅವರಿಗೆ ಪರರಿಟ್ಟ ಅಡ್ಡಹೆಸರು. ೧೬೫೦ರಲ್ಲಿ ನ್ಯಾಯಾಧೀಶನೊಬ್ಬನು ಜಾರ್ಜ್ ಫಾಕ್ಸನನ್ನು ವಿಚಾರಿಸುವಾಗ ಹಾಸ್ಯಕ್ಕೆ ಆಡಿದ ಮಾತು ಹಾಗೆಯೇ ಉಳಿಯಿತು. ತಮ್ಮನ್ನು ತಾವು ಅವರು ಮಿತ್ರರೆಂದೇ ಕರೆದುಕೊಳ್ಳುತ್ತಾರೆ. ಈ ಫಾಕ್ಸ್ ಹುಟ್ಟಿದ್ದು ೧೬೨೪ರಲ್ಲಿ, ನೆಯ್ಗೆಯವನೊಬ್ಬನ ಮಗನಾಗಿ. ಬೆಳಗಾವಿಯ ಅಧಿವೇಶನ ನಡೆದ ವರ್ಷವೇ ಆತನ ಜನ್ಮದ ತ್ರಿಶತಮಾನದ ವರ್ಷವಾಗಿತ್ತೆಂಬುದು ಕೇವಲ ಕಾಕತಾಳೀಯ. ಆದರೂ ನೆನಪಿಡಲು ಅನುಕೂಲವಾದ ಕಾಕತಾಳೀಯ. ದೇವರ ಬೆಳಕು ಪ್ರತಿಯೊಬ್ಬ ಮನುಷ್ಯನ ಒಳಗೂ ಇದೆ, ಅದನ್ನು ಕಾಣಲು ಪುರೋಹಿತನ ಹಂಗು ಬೇಡ ಎಂಬುದು ಆತನ ಬೋಧೆಯ ತಿರುಳು. ಈ ಒಂದು ಮಾತಿನಿಂದ ಉಳಿದುದೆಲ್ಲ ತಾನಾಗಿ ಹರಿದುಬಂದಿತು. ಹೆಂಗಸರೂ ಸಭೆಯಲ್ಲಿ ಮಾತಾಡಬಹುದೆಂಬುದು, ಶಸ್ತ್ರ ಹಿಡಿಯಬಾರದೆಂಬುದು, ನ್ಯಾಯಾಲಯದಲ್ಲಿ ಆಣೆಯಿಡಬಾರದೆಂಬುದು. ಸದಾ ಸತ್ಯ ನುಡಿಯುವವನಿಗೆ ಆಣೆಯ ಹೊತ್ತಿನ ಸತ್ಯ ಬೇರೆ, ಆಣೆಯಿಲ್ಲದ ಹೊತ್ತಿನ ಸತ್ಯ ಬೇರೆ ಎಂಬ ಎರಡು ಲೆಕ್ಕಗಳೇಕೆ?

ಅವರ ಇನ್ನೊಂದು ನಡೆಯು ಕನ್ನಡ ವಾಚಕರಿಗೆ ಬೇಗನೆ ಅರ್ಥವಾಗತಕ್ಕದ್ದು. ಆ ಕಾಲದ ಇಂಗ್ಲಿಷಿನಲ್ಲಿಯೂ ನಮ್ಮಲ್ಲಿರುವಂತೆ ಸಮಾನರಿಗೆ ಏಕವಚನ, ದೊಡ್ಡವರಿಗೆ ಬಹುವಚನ ಎಂಬ ಮರ್ಯಾದೆಯಿತ್ತು. ಕ್ವೇಕರರು ಅರಸನಿಂದ ಆಳಿನವರೆಗೆ ಎಲ್ಲರನ್ನೂ ‘ನೀನು’ ಎಂದೇ ಕರೆದರು. ಯಾರ ಮುಂದೆಯೂ ತಲೆಯ ಟೊಪ್ಪಿಗೆ ತೆಗೆಯಲಿಲ್ಲ. ಬರಿಯ ಸರ್ವನಾಮಕ್ಕೂ ಟೊಪ್ಪಿಗೆಗೂ ಜನ ಸೆರೆಮನೆ ಸೇರಿದರೆಂದರೆ ಇಂದು ನಗು ಬರಬಹುದು. ‘ನೀವು’ ಎನ್ನಬೇಕಾದಲ್ಲಿ ‘ನೀನು’ ಎಂದವನ ಗತಿಯೇನಾಗುತ್ತಿತ್ತೆಂಬುದನ್ನು ಬಲ್ಲ ನಮ್ಮ ಹಳ್ಳಿಗಳ ಹಿರಿಯರು ನಗಲಾರರು.

ಅವರ ಉಪಾಸನೆಯೆಂದರೆ ಒಂದು ಕೋಣೆಯಲ್ಲಿ ಎಲ್ಲರೂ ಸುಮ್ಮನೆ ಕುಳಿತುಕೊಳ್ಳುವುದು. ವೇದಿಕೆಯಿಲ್ಲ, ಮೂರ್ತಿಯಿಲ್ಲ, ನಿಶ್ಚಿತ ಪ್ರಾರ್ಥನೆಯಿಲ್ಲ. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಾಲ್ಕು ಮಾತಾಡಿ ಕುಳಿತುಕೊಳ್ಳುವರು. ಆಗದಿದ್ದರೆ ಮೌನದಲ್ಲೇ ಸಭೆ ಮುಗಿಯುವುದು. ಬಳಗದ ವ್ಯವಹಾರಸಭೆಯೂ ಇದೇ ಕ್ರಮದಲ್ಲಿ ಸಾಗುತ್ತದೆ. ಅಲ್ಲಿ ಮತ ಎಣಿಸುವುದಿಲ್ಲ. ಕರಣಿಕನೊಬ್ಬನು ಎಲ್ಲರ ಮಾತನ್ನು ಆಲಿಸಿ, ಸಭೆಯ ಒಟ್ಟು ಮನಸ್ಸು ಇದೆಂದು ತನಗೆ ತೋರಿದ್ದನ್ನು ಅಲ್ಲಿಯೇ ಬರೆದು ಓದುತ್ತಾನೆ. ಎಲ್ಲರೂ ಒಪ್ಪಿದರೆ ಅದು ನಿರ್ಣಯ. ಒಪ್ಪದಿದ್ದರೆ ಮತ್ತೆ ಮೌನ, ಅಥವಾ ಮುಂದಿನ ಸಭೆಗೆ ಮುಂದೂಡಿಕೆ.

ಇದನ್ನು ಓದಿದೊಡನೆ ಕಲ್ಯಾಣದ ಶರಣರ ಗೋಷ್ಠಿ ನಮ್ಮವರ ಮನಸ್ಸಿಗೆ ಬಂದೇ ಬರುವುದು. ಜಾತಿ, ಲಿಂಗ, ವೃತ್ತಿಗಳ ಭೇದವನ್ನು ಸಭೆಯ ಬಾಗಿಲಲ್ಲೇ ಬಿಟ್ಟು ಕೂಡುವ ಸಂಗತಿಯಲ್ಲಿ ಸಾದೃಶ್ಯವಿದೆ. ಆದರೆ ಹೋಲಿಕೆಯನ್ನು ಬಹುದೂರ ಎಳೆಯುವುದು ವಿಹಿತವಲ್ಲ. ಕಲ್ಯಾಣದಲ್ಲಿ ಅನುಭವವು ಮಾತಾಯಿತು, ಮಾತು ವಚನವಾಯಿತು. ಕ್ವೇಕರರ ಮೌನದಿಂದ ವಚನಗಳಂಥ ಸಾಹಿತ್ಯವು ಹುಟ್ಟಲಿಲ್ಲ; ಹುಟ್ಟಿದ್ದು ದಫ್ತರು.

ದಫ್ತರೆಂದು ಹೇಳಿದ್ದು ಅವಹೇಳನಕ್ಕಲ್ಲ. ಅದೇ ಅವರ ವೈಶಿಷ್ಟ್ಯ. ಹದಿನೇಳನೆಯ ಶತಮಾನದಲ್ಲಿ ಅವರ ಜನ ಸಾವಿರಗಟ್ಟಲೆ ಸೆರೆಗೆ ಬಿದ್ದಾಗ, ದಶಮಾಂಶ ತೆರಿಗೆ ಕೊಡದುದಕ್ಕೆ ದನ, ಪಾತ್ರೆ, ಹಾಸಿಗೆಗಳು ಜಪ್ತಿಯಾದಾಗ, ಪ್ರತಿಯೊಂದು ಊರಿನ ಸಭೆಯೂ ಅದನ್ನು ಬರೆದಿಟ್ಟಿತು. ಯಾರು, ಯಾವ ದಿನ, ಎಷ್ಟು ಬೆಲೆಯ ಯಾವ ವಸ್ತು, ಯಾರ ಅಪ್ಪಣೆಯಿಂದ. ಈ ವರದಿಗಳೆಲ್ಲ ಲಂಡನ್ನಿಗೆ ಹೋದವು. ಅವನ್ನು ಕ್ರೋಡೀಕರಿಸಿ ಅಧಿಕಾರಿಗಳ ಮುಂದಿಡಲು ೧೬೭೦ರ ದಶಕದ ನಡುವಿನಲ್ಲಿ ಅಲ್ಲೊಂದು ಮಂಡಲಿ ಏರ್ಪಟ್ಟಿತು. ಅದರ ಹೆಸರು ಸಂಕಟಗಳ ಸಭೆ! ಆ ಬರಹದ ದೊಡ್ಡ ಸಂಪುಟಗಳು ೪೪; ಸುಮಾರು ೧೬೫೦ರಿಂದ ೧೮೫೬ರವರೆಗಿನ ಲೆಕ್ಕ ಅವುಗಳಲ್ಲಿದೆ. ಜೊತೆಗೆ ಕೇಂದ್ರದ ವಾರ್ಷಿಕ ಸಭೆಯು ಊರೂರಿನ ಸಭೆಗಳಿಗೆ ಪ್ರಶ್ನೆಗಳನ್ನು ಕಳಿಸುತ್ತಿತ್ತು. ಈ ವರ್ಷ ನಿಮ್ಮಲ್ಲಿ ಸೆರೆಯಲ್ಲಿ ಸತ್ತವರೆಷ್ಟು, ಬಡವರ ಯೋಗಕ್ಷೇಮ ಹೇಗಿದೆ ಎಂಬಂಥವು. ಬಳಗದ ಸುದ್ದಿಪತ್ರವೆಂದರೆ ಅವರಿಗೆ ಮೊದಲು ಸಂಕಟದ ಪಟ್ಟಿ, ಆಮೇಲೆ ಉಳಿದದ್ದು. ನಮ್ಮ ಸಂಘ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ತಿರುವಿ ನೋಡಿದರೆ ಉತ್ಸವ, ಸನ್ಮಾನ, ದಾನಿಗಳ ನಾಮಾವಳಿಗಳಿಗೆ ಇರುವಷ್ಟು ಎಡೆ ಇಂಥ ಲೆಕ್ಕಕ್ಕೆ ಇರುವುದಿಲ್ಲವೆಂಬುದನ್ನು ಹೇಳದೆ ಮುಂದೆ ಹೋಗಲಾರೆ.

ತಮ್ಮ ಸಂಕಟವನ್ನು ಬರೆದಿಡುವ ಅಭ್ಯಾಸವು ಪರರ ಸಂಕಟವನ್ನು ಬರೆದಿಡುವ ಅಭ್ಯಾಸವಾಗಿ ತಿರುಗಿದ್ದು ಯಾವಾಗ? ಇದೇ ಈ ಬಳಗದ ಇತಿಹಾಸದಲ್ಲಿ ನಿಜವಾದ ಪ್ರಶ್ನೆ. ಆ ತಿರುವು ಸುಲಭವಾಗಿರಲಿಲ್ಲ. ೧೬೮೮ರಲ್ಲಿ ಅಮೆರಿಕದ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಮಿತ್ರರು ಗುಲಾಮರನ್ನು ಇಟ್ಟುಕೊಳ್ಳುವುದು ಅಧರ್ಮವೆಂದು ಬರೆದು ತಮ್ಮ ಸಭೆಗೆ ಒಪ್ಪಿಸಿದರು. ವಿಷಯ ತೀರ ಗಹನವೆಂದು ಆ ಸಭೆಯು ಮೇಲಿನ ಸಭೆಗೆ ಕಳಿಸಿತು. ಅದು ಇನ್ನೂ ಮೇಲಿನದಕ್ಕೆ. ಅಲ್ಲಿ ಅದು ತಣ್ಣಗೆ ಮಲಗಿತು. ಏಕೆಂದರೆ ಸಭೆಯ ಬೆಂಚುಗಳ ಮೇಲೆ ಕುಳಿತವರಲ್ಲೇ ಗುಲಾಮರ ಒಡೆಯರಿದ್ದರು. ಜಾನ್ ವುಲ್ಮನ್ ಎಂಬ ದರ್ಜಿಯು ಮನೆಮನೆಗೆ ನಡೆದುಹೋಗಿ, ಒಬ್ಬೊಬ್ಬರ ಜೊತೆಗೂ ಮೆಲ್ಲಗೆ ಮಾತಾಡಿ ಒಲಿಸಬೇಕಾಯಿತು. ಫಿಲಡೆಲ್ಫಿಯದ ವಾರ್ಷಿಕ ಸಭೆಯು ಗುಲಾಮರನ್ನು ಇಟ್ಟುಕೊಂಡವರಿಗೆ ಬಳಗದಲ್ಲಿ ಎಡೆಯಿಲ್ಲವೆಂದು ನಿಶ್ಚಯಿಸಿದ್ದು ೧೭೭೬ರಲ್ಲಿ. ನಡುವೆ ಸಂದದ್ದು ೮೮ ವರ್ಷ. ಮತ ಎಣಿಸದೆ ಎಲ್ಲರ ಒಪ್ಪಿಗೆಗೆ ಕಾಯುವ ಪದ್ಧತಿಯನ್ನು ಹೊಗಳುವವರು ಆ ೮೮ ವರ್ಷಗಳ ಬೆಲೆಯನ್ನು ತೆತ್ತವರು ಬೇರೆಯವರೆಂಬುದನ್ನೂ ನೆನೆಯಬೇಕು.

ಅಫೀಮಿನ ವಿಷಯದಲ್ಲಿಯೂ ಇಂಥದೇ ತೊಡಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತ ಸರಕಾರಕ್ಕೆ ಭೂಕಂದಾಯದ ತರುವಾಯದ ದೊಡ್ಡ ಉತ್ಪನ್ನಗಳಲ್ಲಿ ಅಫೀಮೂ ಒಂದು. ಬಿಹಾರ ಮತ್ತು ಕಾಶಿಯ ಕಡೆ ಬೆಳೆದುದು ಸರಕಾರದ ಏಕಸ್ವಾಮ್ಯದಲ್ಲಿ ಪಟನಾ, ಗಾಜೀಪುರಗಳಲ್ಲಿ ತಯಾರಾಗಿ ಕಲಕತ್ತೆಯಲ್ಲಿ ಹರಾಜಾಗುತ್ತಿತ್ತು. ಮಾಳವದ್ದು ಸುಂಕ ತೆತ್ತು ಮುಂಬಯಿ ಬಂದರಿನಿಂದ ಹಡಗು ಹತ್ತುತ್ತಿತ್ತು. ಚೀನಕ್ಕೆ ಅಫೀಮು, ಚೀನದಿಂದ ಚಹ; ಆ ಚಹವನ್ನು ಇಂಗ್ಲೆಂಡಿನಲ್ಲಿ ಮಾರಿ ಹೆಸರಾದ ಅಂಗಡಿಕಾರರಲ್ಲಿ ಹಾರ್ನಿಮನ್, ಟ್ಯೂಕ್, ಕ್ಯಾಡ್‌ಬರಿ ಮೊದಲಾದ ಕ್ವೇಕರ್ ಮನೆತನಗಳಿದ್ದವು. ಮದ್ಯದ ಬದಲು ಚಹ ಕುಡಿಯಿರೆಂದು ಸಜ್ಜನರು ಬೋಧಿಸುತ್ತಿದ್ದಾಗ ಆ ಚಹದ ಬೆಲೆಯನ್ನು ಇನ್ನೊಂದು ಮಾದಕವು ತೀರಿಸುತ್ತಿತ್ತು. ಇದು ಅರಿವಿಗೆ ಬಂದ ಮೇಲೆ ಬಳಗವು ಕೈಕಟ್ಟಿ ಕೂರಲಿಲ್ಲವೆಂಬುದು ಅವರ ಹೆಚ್ಚುಗಾರಿಕೆ. ೧೮೭೪ರಲ್ಲಿ ಹುಟ್ಟಿದ ಅಫೀಮು ವ್ಯಾಪಾರ ನಿರೋಧ ಸಂಘಕ್ಕೆ ಹಣವನ್ನೂ ಆಳನ್ನೂ ಒದಗಿಸಿದವರಲ್ಲಿ ಕ್ವೇಕರರು ಮುಂದಾಳುಗಳು. ೧೮೯೧ರಲ್ಲಿ ಕ್ವೇಕರ್ ಸದಸ್ಯ ಸರ್ ಜೋಸೆಫ್ ಪೀಸರ ನಿರ್ಣಯವು ಕಾಮನ್ಸ್ ಸಭೆಯಲ್ಲಿ ಸರಕಾರದ ವಿರೋಧವನ್ನು ಮೀರಿ ಬಹುಮತ ಪಡೆಯಿತು. ಆದರೆ ಕಾರ್ಯರೂಪಕ್ಕೆ ಬರಲಿಲ್ಲ.

ಬದಲಾಗಿ ಬಂದದ್ದು ಲಾರ್ಡ್ ಬ್ರಾಸಿಯವರ ಅಧ್ಯಕ್ಷತೆಯ ರಾಯಲ್ ಆಯೋಗ. ೧೮೯೩ರಿಂದ ೧೮೯೫ರವರೆಗೆ ಅದು ೭೦೦ಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿತು. ಅಧಿಕಾರಿಗಳೂ ಅವರ ಸುತ್ತಲಿನವರೂ ಹೇಳಿದ್ದನ್ನೇ ಬಹುಮಟ್ಟಿಗೆ ಒಪ್ಪಿಕೊಂಡು, ಭಾರತೀಯನಿಗೆ ಅಫೀಮು ಅಂಥ ಕೇಡೇನಲ್ಲವೆಂಬ ತೀರ್ಮಾನಕ್ಕೆ ಬಂದಿತು. ಭಿನ್ನಮತವನ್ನು ಬರೆದವರು ಹೆನ್ರಿ ವಿಲ್ಸನ್ ಒಬ್ಬರೇ. ಕ್ವೇಕರರಿಗೆ ನುಂಗಲಾರದ ತುತ್ತಾದದ್ದು ಬೇರೊಂದು ಸಂಗತಿ. ಆಯೋಗದ ಬಹುಮತದ ವರದಿಗೆ ಅಂಕಿತ ಹಾಕಿದವರಲ್ಲಿ ಅವರದೇ ಬಳಗದ ಆರ್ಥರ್ ಪೀಸ್ ಇದ್ದರು. ೧೮೯೧ರ ನಿರ್ಣಯವನ್ನು ಮಂಡಿಸಿದ ಜೋಸೆಫ್ ಪೀಸರ ಒಡಹುಟ್ಟಿದ ತಮ್ಮ! ತಂದೆ ಹಿರಿಯ ಜೋಸೆಫ್ ಪೀಸರು ಆಣೆಯಿಡದೆಯೇ ಕಾಮನ್ಸ್ ಸಭೆಯಲ್ಲಿ ಕುಳಿತ ಮೊದಲ ಕ್ವೇಕರರು. ಒಂದೇ ಮನೆ, ಒಂದೇ ಮೌನ, ಎರಡು ಸಾಕ್ಷ್ಯ. ಆರ್ಥರ್ ಪೀಸರು ಲಂಚಕ್ಕೆ ಬಿದ್ದವರಲ್ಲ. ಬೊಕ್ಕಸದ ಅಂಕಿಗಳೂ ಅಧಿಕಾರಿಗಳ ಸೌಜನ್ಯದ ಮಾತುಗಳೂ ಒಬ್ಬ ಸತ್ಯವಂತನ ದೃಷ್ಟಿಯನ್ನು ಹೇಗೆ ಮಬ್ಬುಗೊಳಿಸಬಲ್ಲವೆಂಬುದಕ್ಕೆ ಇದು ನಿದರ್ಶನವೆಂದೇ ನನ್ನ ಭಾವನೆ.

ಈ ವಾಗ್ವಾದವೆಲ್ಲ ದೂರದ ಲಂಡನ್ನಿನದೆಂದು ತಿಳಿಯಬಾರದು. ಬೆಳಗಾವಿಯೂ ಖಾನಾಪುರವೂ ಆಗ ಮುಂಬಯಿ ಇಲಾಖೆಯ ಭಾಗಗಳು. ಅಖಿಲ ಭಾರತದ ಅಫೀಮು ಕಾಯಿದೆಯೂ ಮುಂಬಯಿಯ ಅಬಕಾರಿ ಕಾಯಿದೆಯೂ ೧೮೭೮ರಲ್ಲಿಯೇ ಹುಟ್ಟಿದವು. ಆ ವರ್ಷದ ಡಿಸೆಂಬರ್ ೨೬ರಂದು ಬ್ರಿಟಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದವು ಗೋವೆಯ ರೈಲುಮಾರ್ಗವನ್ನಷ್ಟೇ ಕುರಿತದ್ದಲ್ಲ. ಸುಂಕ, ಉಪ್ಪು, ಅಬಕಾರಿ, ಅಫೀಮುಗಳೂ ಅದರಲ್ಲಿ ಸೇರಿದ್ದವು. ೧೮೯೨ರ ಜನವರಿಯವರೆಗೆ ಅದು ಜಾರಿಯಲ್ಲಿತ್ತು. ಖಾನಾಪುರ ತಾಲೂಕಿನ ಲೋಂಡಾ ಜಂಕ್ಷನ್ನಿನಲ್ಲಿ ಇಂದು ಗಾಡಿ ಬದಲಿಸುವ ಪ್ರಯಾಣಿಕನಿಗೆ ಆ ಹಳಿಗಳ ಹಿಂದಿನ ಕರಾರಿನಲ್ಲಿ ಅಫೀಮಿನ ಕಲಮೂ ಇದ್ದಿತೆಂಬುದು ಹೊಳೆಯುವುದು ಹೇಗೆ?

ಇದೇ ಮುಂಬಯಿ ಇಲಾಖೆಯಲ್ಲಿ ಕ್ವೇಕರ್ ಮುದ್ರಕನೊಬ್ಬನು ನೆಲಸಿದ್ದ. ಆಲ್‌ಫ್ರೆಡ್ ಡೈಯರ್ ಆತನ ಹೆಸರು. ಇಂಗ್ಲಿಷ್ ಹುಡುಗಿಯರನ್ನು ಬೆಲ್ಜಿಯಮ್ಮಿನ ವೇಶ್ಯಾಗೃಹಗಳಿಗೆ ಸಾಗಿಸುತ್ತಿದ್ದ ಜಾಲವನ್ನು ೧೮೮೦ರಲ್ಲಿಯೇ ಬಯಲಿಗೆಳೆದಿದ್ದ ಈತನು, ೧೮೮೭-೮೮ರಲ್ಲಿ ಭಾರತಕ್ಕೆ ಬಂದು ಉತ್ತರದ ದಂಡುನೆಲೆಗಳನ್ನು ಸುತ್ತಿದ. ಗೋರಾ ಸಿಪಾಯಿಗಳಿಗಾಗಿ ಬಡ ಹೆಣ್ಣುಮಕ್ಕಳನ್ನು ಸೈನ್ಯದ ಮೇಲ್ವಿಚಾರಣೆಯಲ್ಲೇ ಇರಿಸುವ ಏರ್ಪಾಡನ್ನು ಕಣ್ಣಾರೆ ಕಂಡು ಬರೆದು ಕಳಿಸಿದ. ಅಂಥ ಸ್ತ್ರೀಯರು ಸಾಕಷ್ಟು ಸಂಖ್ಯೆಯಲ್ಲಿರಬೇಕು, ಚೆಲುವೆಯರೂ ಆಗಿರಬೇಕು ಎಂಬ ಅರ್ಥದ ೧೮೮೬ರ ಸೈನ್ಯದ ಸುತ್ತೋಲೆಯೂ ಬೆಳಕಿಗೆ ಬಂದಿತು. ೧೮೮೮ರ ಜೂನ್ ೫ರಂದು ಕಾಮನ್ಸ್ ಸಭೆಯು ಈ ವ್ಯವಸ್ಥೆಯನ್ನು ಖಂಡಿಸಿತು. ಬೆಳಗಾವಿಯವರಿಗೆ ಇದು ಪರರ ಕಥೆಯಲ್ಲ. ನಮ್ಮ ಕ್ಯಾಂಪು ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲೇ ನೆಲೆಗೊಂಡ ದಂಡು, ದಂಡುಗಳ ಕಾನೂನು ನಮ್ಮೂರಿಗೂ ಕಾನೂನೇ. ಮುಂದೆ ಡೈಯರನು ‘ಬಾಂಬೆ ಗಾರ್ಡಿಯನ್’ ವಾರಪತ್ರಿಕೆಯನ್ನು ಕೈಗೆತ್ತಿಕೊಂಡು ಅಫೀಮಿನ ವಿರುದ್ಧವೂ ಬರೆದ. ಸಂಕಟಗಳ ಸಭೆಯ ದಫ್ತರು ಈಗ ಅಚ್ಚಿನ ಮನೆಗೆ ಬಂದಿತ್ತು. ಬರಹದ ಕ್ರಮ ಮಾತ್ರ ಅದೇ: ಎಲ್ಲಿ, ಯಾವ ದಿನ, ಯಾರ ಅಪ್ಪಣೆ.

ಸರಕಾರದ ಪಕ್ಷದವರು ಸದಾ ಮುಂದೊಡ್ಡುತ್ತಿದ್ದ ವಾದವೊಂದಿತ್ತು: ನಾವು ಮಾರದಿದ್ದರೆ ಬೇರೆಯವರು ಮಾರುವರು. ಈ ವಾದದ ಬಲಾಬಲವನ್ನು ಖಾನಾಪುರದವ ಚೆನ್ನಾಗಿ ಬಲ್ಲ. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆ ಈ ತಾಲೂಕಿಗೂ ಅನ್ವಯಿಸಿದ್ದ ಕಾಲದಲ್ಲಿ, ಕಣಕುಂಬಿಯ ಆಚೆ ಘಟ್ಟ ಇಳಿದರೆ ಪೋರ್ತುಗೀಜ ಗೋವೆ. ಅಲ್ಲಿ ಅಂಥ ನಿಷೇಧವಿಲ್ಲ. ಕಾಡಿನ ಕಾಲುದಾರಿಗಳು ಕಾಯಿದೆಯನ್ನು ಓದುವುದಿಲ್ಲವಷ್ಟೆ. ಆದುದರಿಂದ ಈ ವಾದಕ್ಕೆ ಉತ್ತರವು ಎಲ್ಲ ದೇಶಗಳೂ ಕೂಡಿ ಮಾಡುವ ಕರಾರಿನಲ್ಲಿತ್ತು. ೧೯೧೨ರ ಹೇಗ್ ಒಪ್ಪಂದ ಅದರ ಮೊದಲ ಮೆಟ್ಟಿಲು. ಚೀನಕ್ಕೆ ಭಾರತದ ಅಫೀಮು ೧೯೧೩ರಲ್ಲಿ ನಿಂತಿತು. ಆಗ್ನೇಯ ಏಷ್ಯದ ಬಂದರುಗಳಿಗೆ ನಿಲ್ಲಲಿಲ್ಲ, ದೇಶದೊಳಗಿನ ಅಂಗಡಿಗಳೂ ಮುಚ್ಚಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಹಸುಗೂಸುಗಳನ್ನು ಮಲಗಿಸಲು ಅಫೀಮಿನ ಗುಳಿಗೆ ತಿನ್ನಿಸುತ್ತಿದ್ದುದು ಆ ದಿನಗಳಲ್ಲೇ.

೧೯೨೪ರ ನವೆಂಬರಿನಲ್ಲಿ ಜಿನೀವದಲ್ಲಿ ಅಫೀಮಿನ ಅಂತರರಾಷ್ಟ್ರೀಯ ಪರಿಷತ್ತು ಆರಂಭವಾಯಿತು. ಅಲ್ಲಿ ಭಾರತದ ಹೆಸರಿನಲ್ಲಿ ಮಾತಾಡುತ್ತಿದ್ದುದು ಬ್ರಿಟಿಷ್ ಸರಕಾರ. ಪರಿಷತ್ತು ಇನ್ನೂ ನಡೆದಿರುವಾಗಲೇ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಕೂಡಿತು. ಈ ಹಿನ್ನೆಲೆಯಲ್ಲಿ ಓದಿದಾಗ ನಿರ್ಣಯದ ಅರ್ಥವೇ ಬೇರೆಯಾಗುತ್ತದೆ. ಅದು ಊರಿನ ಕುಡುಕರಿಗೆ ಹೇಳಿದ ಬುದ್ಧಿಮಾತಲ್ಲ. ಜಿನೀವದಲ್ಲಿ ನಮ್ಮ ಹೆಸರಿನಲ್ಲಿ ಆಡುತ್ತಿರುವ ಮಾತು ನಮ್ಮದಲ್ಲವೆಂದು ಲೋಕದ ಮುಂದೆ ನುಡಿದ ಸಾಕ್ಷ್ಯ. ಮರುವರ್ಷ ಅಸ್ಸಾಮಿನ ಅಫೀಮಿನ ಪಿಡುಗನ್ನು ಕುರಿತ ಕಾಂಗ್ರೆಸ್ ವಿಚಾರಣಾ ಸಮಿತಿಯ ವರದಿ ಹೊರಬಂದಿತು. ಅದರ ಕಾರ್ಯದಲ್ಲಿ ಆಂಡ್ರೂಸರ ಪಾಲು ದೊಡ್ಡದು. ೧೯೨೬ರಲ್ಲಿ ಭಾರತ ಸರಕಾರವು ಔಷಧೇತರ ಅಫೀಮಿನ ರಫ್ತನ್ನು ವರ್ಷವರ್ಷಕ್ಕೆ ತಗ್ಗಿಸಿ ಹತ್ತು ವರ್ಷಗಳೊಳಗೆ ನಿಲ್ಲಿಸುವುದಾಗಿ ಸಾರಿತು.

ಸಾರಿದ್ದು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಿ ಬರೆಯಲು ೧೯೨೭ರಲ್ಲಿ ಇಂಗ್ಲೆಂಡಿನಿಂದ ಬಂದವರು ಹೊರೇಸ್ ಅಲೆಗ್ಸಾಂಡರ್ ಎಂಬ ಕ್ವೇಕರ್ ಅಧ್ಯಾಪಕರು. ಅವರ ತಂದೆ ಜೋಸೆಫ್ ಗಂಡ್ರಿ ಅಲೆಗ್ಸಾಂಡರರು ಅಫೀಮು ನಿರೋಧ ಸಂಘದ ಕಾರ್ಯದರ್ಶಿಗಳಾಗಿದ್ದು, ಬ್ರಾಸಿ ಆಯೋಗದ ಕಾಲದಲ್ಲಿ ಭಾರತಕ್ಕೆ ಬಂದು ಸೋತು ಹಿಂದಿರುಗಿದವರು. ತಂದೆ ಬಿಟ್ಟ ಕಡತವನ್ನು ಮಗ ಎತ್ತಿಕೊಂಡಂತಾಯಿತು. ೧೯೨೮ರ ಮಾರ್ಚಿನಲ್ಲಿ ಅವರು ಸಾಬರಮತಿಗೆ ಹೋಗಿ ಗಾಂಧೀಜಿಯವರನ್ನು ಕಂಡರು. ಅಫೀಮಿಗಾಗಿ ಬಂದವರು ಆಮೇಲೆ ಸ್ವಾತಂತ್ರ್ಯದ ಕಾರ್ಯಕ್ಕೇ ಒಲಿದರು. ೧೯೩೦ರಲ್ಲಿ ವೈಸರಾಯ್ ಇರ್ವಿನ್ನರಿಗೂ ಯರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಯವರಿಗೂ ನಡುವೆ ಮಾತಿನ ಸೇತುವೆ ಕಟ್ಟಲು ಬಳಗವು ಕಳಿಸಿದ್ದು ಅವರನ್ನೇ. ೧೯೩೧ರ ಅಕ್ಟೋಬರಿನಲ್ಲಿ, ದುಂಡುಮೇಜಿನ ಪರಿಷತ್ತಿನ ದಿನಗಳಲ್ಲಿ, ಗಾಂಧೀಜಿ ಅವರು ಕಲಿಸುತ್ತಿದ್ದ ವುಡ್‌ಬ್ರೂಕಿಗೆ ಅತಿಥಿಯಾಗಿ ಹೋದರು. ಅದೇ ವರ್ಷ ಹುಟ್ಟಿದ ಭಾರತ ಸಂಧಾನ ಮಂಡಲಿಯಲ್ಲಿ ಅಗಾಥಾ ಹ್ಯಾರಿಸನ್ ಎಂಬ ಮಹಿಳೆಯು ವರ್ಷಗಟ್ಟಲೆ ಪತ್ರ ಬರೆದೇ ಎರಡೂ ದೇಶಗಳ ನಡುವಣ ಕಹಿಯನ್ನು ಕಳೆಯಲು ದುಡಿದರು. ೧೯೪೭ರ ಆಗಸ್ಟ್ ೧೫ರಂದು ಕಲಕತ್ತೆಯ ಬೇಲಿಯಾಘಾಟೆಯ ಮುರುಕು ಮನೆಯಲ್ಲಿ ಗಾಂಧೀಜಿಯವರ ಜೊತೆಗಿದ್ದವರಲ್ಲಿ ಹೊರೇಸ್ ಅಲೆಗ್ಸಾಂಡರರೂ ಒಬ್ಬರು. ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕವು ಬ್ರಿಟನ್ ಮತ್ತು ಅಮೆರಿಕಗಳ ಕ್ವೇಕರರ ಎರಡು ಸೇವಾಸಂಸ್ಥೆಗಳಿಗೆ ಸಂದಿತು. ಹೊರೇಸರು ಪಕ್ಷಿವೀಕ್ಷಣೆಯಲ್ಲಿಯೂ ಹೆಸರಾಂತವರೆಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲವಾದರೂ, ಮೌನವಾಗಿ ಕುಳಿತು ಕಾದು ನೋಡಿ ಬರೆದಿಡುವ ಆ ವಿದ್ಯೆಗೂ ಅವರ ಬಳಗದ ವಿದ್ಯೆಗೂ ಅಷ್ಟೇನೂ ದೂರವಿಲ್ಲ.

ಬೆಳಗಾವಿಯ ನಿರ್ಣಯ ಏನಾಯಿತು? ೧೯೫೬ರ ನವೆಂಬರ್ ೧ರಂದು ಬೆಳಗಾವಿಯೂ ಖಾನಾಪುರವೂ ಮುಂಬಯಿ ರಾಜ್ಯದಿಂದ ವಿಶಾಲ ಮೈಸೂರಿಗೆ ಸೇರಿದವು. ಬ್ರಿಟಿಷರ ಕಾಲದ ೧೮೭೮ರ ಅಫೀಮು ಕಾಯಿದೆ ಮಾತ್ರ ಇನ್ನೂ ಜೀವಂತವಿತ್ತು. ಅದನ್ನು ರದ್ದುಗೊಳಿಸಿದ್ದು ೧೯೮೫ರ ಮಾದಕ ವಸ್ತುಗಳ ಕಾಯಿದೆ. ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕಲ್ಲದೆ ಅಫೀಮಿನ ಬೆಳೆ, ತಯಾರಿಕೆ, ಮಾರಾಟ ಯಾವುದೂ ಸಲ್ಲದೆಂದು ಆ ಕಾಯಿದೆಯ ಎಂಟನೆಯ ಕಲಮು ವಿಧಿಸುತ್ತದೆ. ಟಿಳಕವಾಡಿಯಲ್ಲಿ ಕೇಳಿದ ಆ ಎರಡು ಪದಗಳು ದೇಶದ ಶಾಸನದೊಳಗೆ ಹೀಗೆ ಬಂದು ಕುಳಿತಾಗ ೬೧ ವರ್ಷಗಳು ಸಂದಿದ್ದವು. ಹೊರೇಸ್ ಅಲೆಗ್ಸಾಂಡರರು ಆಗ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ವಾಸವಾಗಿದ್ದರು. ಅವರಿಗೆ ೯೬ ವರ್ಷ ವಯಸ್ಸು.